ನೋಡಿಕೊಂಡು ಹೋಗುವವಳು

ಚಪ್ಪಲಿಯ ಅಡಿಗೆ ಹೂಕುಂಡದ ಮಣ್ಣು ಸವರುತ್ತಿದ್ದಾಗ ತಕ್ಕಡಿ ಸಾಹೇಬರಿಗೆ ಒಂದು ಗಳಿಗೆ ನಾಚಿಕೆಯಾಯಿತು. ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ. ಹಿಮ್ಮಡಿಯ ಕಡೆ ಹೆಚ್ಚು, ಬೆರಳಿನ ಕಡೆ ಕಡಿಮೆ ಹಚ್ಚಿದರು. ಎಲ್ಲ ಕಡೆ ಒಂದೇ ಸಮ ಹಚ್ಚಿದರೆ ಕಣ್ಣಿದ್ದವರಿಗೆ ಗೊತ್ತಾಗಿಬಿಡುತ್ತದೆ. ಬೀದಿಯಲ್ಲಿ ನಡೆದ ಚಪ್ಪಲಿ ಹಾಗಿರುವುದಿಲ್ಲ. ಆಮೇಲೆ ಜೋಡಿಯನ್ನು ಬಾಗಿಲ ಹೊರಗೆ ಸ್ವಲ್ಪ ಸೊಟ್ಟಗೆ ಬಿಟ್ಟರು, ಈಗಷ್ಟೇ ಎಲ್ಲಿಂದಲೋ ಬಂದು ಕಳಚಿದ ಹಾಗೆ. ಮೆಟ್ಟಿಲಿನ ಮೇಲೆ ಬಿದ್ದು ಸೇರಿದ್ದ ಆಸ್ಪತ್ರೆಯಿಂದ ವಾಪಸಾದ ದಿನ ಮಗ ಮತ್ತು ಕೆಳಗಿನ ದಿನಸಿ ಅಂಗಡಿಯವನು ಸೇರಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಮೇಲಕ್ಕೆ ಹೊತ್ತು ತಂದಿದ್ದರು. ಅಲ್ಲಿಂದ ಇಲ್ಲಿಯವರೆಗೆ ಅವರು ಒಂದು ಸಲವೂ ಕೆಳಗಿಳಿದಿಲ್ಲ. ಇದು ಅವರ ಮೊಣಕಾಲಿಗೆ ಗೊತ್ತಿತ್ತು, ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಬಿಡುವ ಬುಟ್ಟಿಗೆ ಗೊತ್ತಿತ್ತು, ಆ ಬುಟ್ಟಿಗೆ ಬ್ರೆಡ್ಡು ಹಾಲು ಸಕ್ಕರೆ ತುಂಬಿಸುವ ಅಂಗಡಿಯವನಿಗೆ ಗೊತ್ತಿತ್ತು. ಇನ್ನು ಯಾರು ಯಾರಿಗೆ ಗೊತ್ತು ಎಂಬುದೇ ಬೆಳಗಿನಿಂದ ಅವರ ತಲೆ ಕೊರೆಯುತ್ತಿತ್ತು. ಯಾಕೆಂದರೆ ಇವತ್ತು ಮಧ್ಯಾಹ್ನದ ಮೇಲೆ ಆಸ್ಪತ್ರೆಯವರು ಒಬ್ಬಳನ್ನು ಕಳಿಸುತ್ತಿದ್ದರು, ಸಾಹೇಬರು ಒಬ್ಬರೇ ಬದುಕಬಲ್ಲರೇ ಇಲ್ಲವೇ ಎಂದು ನೋಡಿಕೊಂಡು ಹೋಗುವುದಕ್ಕೆ. "ಸುಮ್ನೆ ನೋಡ್ಕೊಂಡು ಹೋಗ್ತಾರೆ ಅಪ್ಪ," ಎಂದು ಮಗ ಹೇಳಿದ್ದ. "ಸ್ನಾನ ನೀವೇ ಮಾಡ್ಕೋತೀರಾ, ಬಟ್ಟೆ ಹಾಕ್ಕೋತೀರಾ, ಒಂದು ಲೋಟ ಟೀ ಕಾಯಿಸ್ಕೋತೀರಾ, ಮಾತ್ರೆ ಮರೀದೆ ತಗೋತೀರಾ, ಅಂಗಡಿಗೆ ಹೋಗಿ ಬರ್ತೀರಾ. ಅಷ್ಟೇ." ಅಷ್ಟೇ ಎಂದ ಮೇಲೆ ಅಷ್ಟಕ್ಕೇ ನಿಲ್ಲುವ ವಿಷಯ ಯಾವುದಿದೆ? "ಆಗಲ್ಲ ಅಂತ ಬರೆದ್ರೆ?" ಎಂದು ಕೇಳಿದ್ದರು. ಮಗ ಟೀ ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತ, "ಆಗ ನೋಡೋಣ" ಎಂದಿದ್ದ.

ಆಗ ನೋಡೋಣ ಎಂದರೆ ಮಗನ ಮನೆಯ ಹಿಂದಿನ ಕೋಣೆ. ಅದರ ಒಂದು ಗೋಡೆಗೆ ಸೊಸೆಯ ಹೊಲಿಗೆ ಯಂತ್ರಗಳಿದ್ದವು, ಇನ್ನೊಂದು ಗೋಡೆಗೆ ಬಟ್ಟೆ ಒಗೆಯುವ ಯಂತ್ರ. ಕಿಟಕಿ ಎಂಬುದು ಪಕ್ಕದ ಮನೆಯ ಗೋಡೆಯನ್ನು ಮುಟ್ಟುವಷ್ಟು ಹತ್ತಿರ. ಅಲ್ಲಿ ಮಂಚ ಹಾಕಿದರೆ ಬಾಗಿಲಿಗೆ ಚಿಲಕ ಹಾಕಿಕೊಳ್ಳುವಂತಿಲ್ಲ, ಬಟ್ಟೆ ಒಗೆಯಲು ಯಾರಾದರೂ ಒಳಗೆ ಬರುತ್ತಲೇ ಇರುತ್ತಾರೆ. ಇಲ್ಲಿ ಎರಡೇ ಕೋಣೆ, ಬಾಡಿಗೆಯದು, ಗೋಡೆಯ ಸುಣ್ಣ ಹಪ್ಪಳದ ಹಾಗೆ ಏಳುತ್ತಿದೆ. ಆದರೂ ಚಿಲಕ ಇದೆ. ಚಿಲಕ ಹಾಕಿಕೊಂಡು ಕೂತು ಕತ್ತರಿಯಿಂದ ತಮ್ಮ ತಲೆಗೂದಲನ್ನು ತಾವೇ ಕತ್ತರಿಸಿಕೊಂಡಿದ್ದರು, ಹೋದ ವಾರ. "ಎಲ್ಲಿ ಮಾಡಿಸಿದ್ರಿ ಕ್ಷೌರ?" ಎಂದು ಮಗ ಕೇಳಿದ್ದ. "ಇಲ್ಲೇ ಕೆಳಗೆ." ಮಗ ಅವರ ಕತ್ತಿನ ಹಿಂಭಾಗವನ್ನೇ ನೋಡಿದ್ದ. ಆ ನೋಟವನ್ನು ಸಾಹೇಬರು ಈಗ ಮತ್ತೆ ಮತ್ತೆ ಎತ್ತಿ ನೋಡುತ್ತಿದ್ದರು, ಅದು ಎಷ್ಟು ತೂಗುತ್ತದೆ ಎಂದು.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅವರು ಇಡೀ ಆಯುಷ್ಯ ಕಳೆದವರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಹಿಡಿದು ನೋಡುವುದು, ತೂಕದ ಕಲ್ಲಿನ ಬುಡದಲ್ಲಿ ಸೀಸ ಕೆರೆದು ತೆಗೆದಿದ್ದಾರೋ ನೋಡುವುದು, ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತಿದ್ದಾರೋ ನೋಡುವುದು. ಹೇಳಿ ಹೋದರೆ ಅದು ತಪಾಸಣೆಯಲ್ಲ, ನೆಂಟಸ್ತನ ಎಂದು ಅವರು ಹೊಸಬರಿಗೆ ಹೇಳಿಕೊಡುತ್ತಿದ್ದರು. ಬರುತ್ತೇವೆ ಎಂದ ದಿನ ಹೋಗಬಾರದು, ಬರುತ್ತೇವೆ ಎಂದ ಹೊತ್ತಿಗಂತೂ ಹೋಗಲೇಬಾರದು. ಒಮ್ಮೆ ಹೆಂಡತಿಯ ಕೈಗೆ ಚೀಲ ಕೊಟ್ಟು ಅಕ್ಕಿ ತರಲು ಕಳಿಸಿ, ಹಿಂದೆಯೇ ತಾವು ಹೋಗಿ ಅಂಗಡಿಯವನನ್ನು ಹಿಡಿದಿದ್ದರು. ಅವಳು ಆ ರಾತ್ರಿ ಊಟಕ್ಕೆ ಬಡಿಸುವಾಗ, "ನನ್ನನ್ನ ನೋಡೋಕೆ ಬಂದಾಗಲೂ ಮುಂಚೆ ಯಾರನ್ನೋ ಕಳಿಸಿರ್ತೀರಿ ನೀವು" ಎಂದಿದ್ದಳು. ಕಳಿಸಿದ್ದರು. ಹೇಳಿರಲಿಲ್ಲ. ಹಾಗಾಗಿ ಮಧ್ಯಾಹ್ನದ ಮೇಲೆ ಬರುತ್ತೇವೆ ಎಂದವರು ಮಧ್ಯಾಹ್ನದ ಮೇಲೆ ಬರುತ್ತಾರೆ ಎಂದು ನಂಬುವಷ್ಟು ಮುಗ್ಧತೆ ಸಾಹೇಬರಲ್ಲಿ ಉಳಿದಿರಲಿಲ್ಲ. ಎದ್ದಕೂಡಲೇ ಸ್ನಾನ ಮುಗಿಸಿ ಒಳ್ಳೆಯ ಅಂಗಿ ಹಾಕಿಕೊಂಡಿದ್ದರು. ಹಗ್ಗದ ಬುಟ್ಟಿಯನ್ನು ಮಂಚದಡಿಗೆ ತಳ್ಳಿ ಅದರ ಮೇಲೆ ಹಳೆಯ ಕಂಬಳಿ ಹೊದಿಸಿದ್ದರು. ಮಾತ್ರೆಗಳನ್ನು ಸಾಲಾಗಿ ಜೋಡಿಸಿ, ಮತ್ತೆ ಯೋಚಿಸಿ, ಸಾಲು ತುಂಬ ಚೆಂದ ಕಂಡರೆ ಅನುಮಾನ ಬರುತ್ತದೆ ಎಂದು ಒಂದೆರಡನ್ನು ಅಡ್ಡ ಮಲಗಿಸಿದ್ದರು.

ಬಾಗಿಲು ತಟ್ಟಿದ್ದು ಬೆಳಗಿನ ಬಿಸಿಲು ಇನ್ನೂ ಅಡುಗೆಕಟ್ಟೆಯ ಮೇಲಿದ್ದಾಗಲೇ. ನೋಡಿದಿರಾ, ಎಂದುಕೊಂಡರು ಸಾಹೇಬರು, ಯಾರಿಗೆ ಎಂದಿಲ್ಲದೆ. ಹೊರಗೆ ನಡುವಯಸ್ಸಿನ ಹೆಂಗಸೊಬ್ಬಳು ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ನಿಂತಿದ್ದಳು. ಕೈಯಲ್ಲಿ ದೊಡ್ಡ ಚೀಲ. ಕಣ್ಣು ಅವರ ಮುಖದ ಮೇಲೆ ನಿಲ್ಲದೆ ಅವರ ಭುಜದಾಚೆಗೆ ಕೋಣೆಯೊಳಕ್ಕೆ ಹೋಯಿತು. "ಮನೆ ನೋಡಬೇಕಿತ್ತು, ಸ್ವಲ್ಪ ಒಳಗೆ ಬರಬಹುದಾ?" ಎಂದಳು. ಎಷ್ಟು ಸಲೀಸಾಗಿ ಹೇಳಿದಳು! ತಾವೂ ಹೀಗೆಯೇ, ಒಂದು ಸೇರು ಬೇಳೆ ಕೊಡಿ ಎನ್ನುತ್ತ ಅಂಗಡಿ ಹೊಗುತ್ತಿದ್ದರಲ್ಲ. "ಬನ್ನಿ ಬನ್ನಿ, ಧಾರಾಳವಾಗಿ ನೋಡಿ," ಎಂದು ಪಕ್ಕಕ್ಕೆ ಸರಿದರು, ಮೊಣಕಾಲು ಚುರುಕ್ಕೆಂದದ್ದು ಮುಖಕ್ಕೆ ಬಾರದ ಹಾಗೆ.

ಅವಳು ಚೀಲದಿಂದ ಅಳತೆಯ ಪಟ್ಟಿ ತೆಗೆದಳು. ದರ್ಜಿಗಳು ಕೊರಳಿಗೆ ಹಾಕಿಕೊಳ್ಳುವಂಥದು. ಬಾಗಿಲಿನ ಅಗಲಕ್ಕೆ ಅದನ್ನು ಹಿಡಿದಾಗ ಸಾಹೇಬರಿಗೆ ಇದ್ದ ಅರೆಪಾವಿನಷ್ಟು ಸಂಶಯವೂ ಹೋಯಿತು. ಗಾಲಿ ಕುರ್ಚಿ ಹಿಡಿಯುತ್ತದೋ ಇಲ್ಲವೋ ನೋಡುತ್ತಿದ್ದಾಳೆ. "ಅದೆಲ್ಲ ಬೇಕಾಗಲ್ಲಮ್ಮ," ಎಂದರು ನಗುತ್ತ. "ಬೇಕಾಗುತ್ತೆ," ಎಂದಳು ಅವಳು, "ಆಮೇಲೆ ತಂದು ಹೊರಗೇ ನಿಲ್ಲಿಸೋ ಹಾಗಾದ್ರೆ?" ಅಡುಗೆಮನೆಗೆ ಹೋದಳು. ಸಾಹೇಬರು ಅವಳನ್ನು ದಾಟಿ ಮುಂದೆ ಹೋಗಿ, ಕೇಳುವ ಮುಂಚೆಯೇ ಒಲೆ ಹಚ್ಚಿದರು. "ಟೀ ಮಾಡ್ತೀನಿ, ನೋಡ್ತಾ ಇರಿ." ನೋಡ್ತಾ ಇರಿ ಎಂದದ್ದು ಸ್ವಲ್ಪ ಜಾಸ್ತಿಯಾಯಿತೇನೋ. ಹಾಲಿನ ಪಾತ್ರೆಯನ್ನು ಒಂದೇ ಕೈಯಲ್ಲಿ ಎತ್ತಿದರು, ಎರಡನೇ ಕೈಯನ್ನು ಬೇಕೆಂದೇ ಬೆನ್ನ ಹಿಂದೆ ಇಟ್ಟುಕೊಂಡು. ಇದ್ದ ಹಾಲನ್ನೆಲ್ಲ ಸುರಿದುಬಿಟ್ಟರು, ನೀರು ಟೀ ಕೊಟ್ಟರೆ ಕೈ ನಡುಗಿ ಚೆಲ್ಲಿರಬೇಕು ಎಂದುಕೊಂಡಾಳು. "ಅಯ್ಯೋ ತಾತ, ಯಾಕೆ ತೊಂದ್ರೆ," ಎಂದಳು. ತಾತ ಎಂದು ಕರೆದು ಬಾಯಿ ಬಿಡಿಸುವ ಉಪಾಯ. "ತೊಂದ್ರೆ ಏನು, ದಿನಾ ನಾನೇ ಮಾಡ್ಕೊಳ್ಳೋದು. ಸಕ್ಕರೆ ಆ ಡಬ್ಬ, ಟೀ ಪುಡಿ ಈ ಡಬ್ಬ. ಕಣ್ಣು ಮುಚ್ಚಿ ಹೇಳ್ತೀನಿ ಬೇಕಾದ್ರೆ." ಕಣ್ಣು ಮುಚ್ಚಿ ಹೇಳಿಯೂ ಬಿಟ್ಟರು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅವರನ್ನೇ ಬೆರಗಿನಿಂದ ನೋಡುತ್ತ, ಸ್ನಾನದ ಮನೆ ಎಲ್ಲಿ ಎಂದು ಕೇಳಿದಳು. ಸ್ನಾನದ ಮನೆಯ ಹೊಸ್ತಿಲು ಎತ್ತರ. ಅದನ್ನು ದಾಟುವಾಗ ಗೋಡೆ ಹಿಡಿದುಕೊಳ್ಳುವ ಅಭ್ಯಾಸ ಅವರಿಗೆ ಯಾವಾಗಿನಿಂದಲೋ ಆಗಿತ್ತು. ಗೋಡೆಯ ಮೇಲೆ ಅಂಗೈಯಗಲದ ಜಿಡ್ಡಿನ ಗುರುತು ಇತ್ತು. ಆ ಗುರುತಿಗೆ ಬೆನ್ನು ಕೊಟ್ಟು ನಿಂತು, ಗೋಡೆ ಮುಟ್ಟದೆ ಕಾಲೆತ್ತಿ ಒಳಗಿಟ್ಟರು, ಹೊರಗಿಟ್ಟರು, ಮತ್ತೆ ಒಳಗಿಟ್ಟರು. "ನಿಂತೇ ಸ್ನಾನ ಮಾಡೋದು. ಸ್ಟೂಲು ಗೀಲು ಇಲ್ಲ." ಬೆವರು ಕಿವಿಯ ಹಿಂದೆ ಇಳಿಯುತ್ತಿತ್ತು. "ಆಯ್ತು ಆಯ್ತು," ಎಂದಳು ಅವಳು, ಸ್ವಲ್ಪ ಹಿಂದೆ ಸರಿದು.

ಆಗಲೇ ಅವರಿಗೆ ಬಟ್ಟೆಯ ವಿಷಯ ನೆನಪಾದದ್ದು. ಉಳಿದದ್ದು ಅದೊಂದೇ. ಕೇಳಲು ಹೆಂಗಸಿಗೆ ಸಂಕೋಚವಿರಬೇಕು, ತಾವೇ ಮುಗಿಸಿಬಿಟ್ಟರೆ ಒಳ್ಳೆಯದು ಎಂದು ಅಂಗಿಯ ಮೇಲಿನ ಗುಂಡಿಗೆ ಕೈ ಹಾಕಿದರು. ಒಂದು ಬಿಚ್ಚಿತು. ಎರಡನೆಯದೂ ಬಿಚ್ಚಿತು. ಬೆರಳುಗಳು ಇವತ್ತು ಮಾತು ಕೇಳುತ್ತಿವೆ ಎಂಬ ಖುಷಿಯಲ್ಲಿ ಅವರು ತಲೆ ಬಗ್ಗಿಸಿಕೊಂಡೇ ಇದ್ದರು. ಹೊಟ್ಟೆಯವರೆಗೆ ಬಂದಾಗ ಲೋಟ ಕಟ್ಟೆಯ ಮೇಲೆ ಠಣ್ಣೆಂದು ಕೂತ ಸದ್ದಾಯಿತು. "ಏನ್ ಮಾಡ್ತಿದೀರಿ ನೀವು?" ಅವಳು ಬಾಗಿಲ ಹತ್ತಿರ ಹೋಗಿಯಾಗಿತ್ತು. ಚೀಲವನ್ನು ಎದೆಗೆ ಅಡ್ಡ ಹಿಡಿದಿದ್ದಳು. "ಗುಂಡಿ," ಎಂದರು ಸಾಹೇಬರು. "ಬಿಚ್ಚಿ, ತಿರುಗಿ ಹಾಕ್ಕೊಂಡು ತೋರಿಸ್ತೀನಿ." "ನನಗ್ಯಾಕೆ ತೋರಿಸ್ತೀರಿ? ನಾನು ಮನೆ ನೋಡೋಕೆ ಬಂದೋಳು. ಬಾಡಿಗೆಗೆ. ತಿಂಗಳ ಕೊನೆಗೆ ಖಾಲಿ ಆಗುತ್ತೆ, ಹೋಗಿ ನೋಡ್ಕೊಂಡು ಬನ್ನಿ ಅಂತ ಓನರ್ ಹೇಳಿದ್ರು. ಬೀರು ಹಿಡಿಯುತ್ತಾ ಅಂತ ಬಾಗಿಲು ಅಳೆದೆ ಅಷ್ಟೇ." ಬೀರು. ಸಾಹೇಬರು ಬಾಗಿಲನ್ನು ನೋಡಿದರು. ಬಿಚ್ಚಿದ ಅಂಗಿಯ ನಡುವೆ ತಮ್ಮ ಎದೆಯ ಬಿಳಿ ಕೂದಲು ಫ್ಯಾನಿನ ಗಾಳಿಗೆ ಅಲ್ಲಾಡುತ್ತಿರುವುದು ಅವರಿಗೆ ಬೇರೆ ಯಾರದೋ ಎದೆಯ ಹಾಗೆ ಕಂಡಿತು. "ಖಾಲಿ ಆಗುತ್ತೆ ಅಂತ ಓನರ್‌ಗೆ ಯಾರು ಹೇಳಿದ್ರಂತೆ?" ಎಂದು ಕೇಳಿದರು. "ನಿಮ್ಮ ಮನೆಯವರೇ ಹೇಳಿದ್ರಂತಪ್ಪ, ನನಗೇನ್ ಗೊತ್ತು," ಎನ್ನುತ್ತ ಅವಳು ಚಪ್ಪಲಿ ಮೆಟ್ಟಿದಳು. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆ ದಡಬಡ ಇಳಿದು ಹೋಯಿತು. ಎಷ್ಟು ಸುಲಭವಾಗಿ ಇಳಿದುಬಿಟ್ಟಳು ಎಂಬುದೇ ಮೊದಲು ಅವರ ಮನಸ್ಸಿಗೆ ಬಂದದ್ದು.

ಗುಂಡಿ ತಿರುಗಿ ಹಾಕಲು ಕೂತರೆ ಬೆರಳುಗಳು ಒಪ್ಪಲಿಲ್ಲ. ರಂಧ್ರಗಳೆಲ್ಲ ಹೊಲಿದು ಮುಚ್ಚಿಬಿಟ್ಟ ಹಾಗಿದ್ದವು. ಅವಳು ಕೆಳಗೆ ಅಂಗಡಿಯಲ್ಲಿ ಹೇಳುತ್ತಿರಬಹುದು, ಮೇಲೊಬ್ಬ ಮುದುಕ ಇದ್ದಾನೆ, ಟೀ ಕೊಟ್ಟು ಅಂಗಿ ಬಿಚ್ಚುತ್ತಾನೆ ಎಂದು. ಅಂಗಡಿಯವನು ಸಕ್ಕರೆ ಕಟ್ಟುತ್ತ ನಗುತ್ತಿರಬಹುದು. ಅವನಿಗೆ ತನ್ನ ತಕ್ಕಡಿಯನ್ನು ಸಾಹೇಬರು ಒಂದು ಕಾಲಕ್ಕೆ ಹೊತ್ತೊಯ್ದದ್ದು ಮರೆತಿರಲಾರದು, ಬುಟ್ಟಿಯಲ್ಲಿ ಬರುವ ಸಕ್ಕರೆ ಈಚೆಗೆ ಕೈಗೆ ಹಗುರವಾಗಿಯೇ ಹತ್ತುತ್ತಿದೆ. ಮನೆಯವರು ಎಂದಳು. ಮನೆಯವರು ಎಂದರೆ ಸೊಸೆ. ಇನ್ಯಾರು? ದಿನ ಬಿಟ್ಟು ದಿನ ಡಬ್ಬಿಯಲ್ಲಿ ಊಟ ತಂದಿಟ್ಟು, ಕಣ್ಣಲ್ಲೇ ಮೂಲೆ ಮೂಲೆ ಗುಡಿಸಿ ಹೋಗುವವಳು. ಹುಳಿ ಖಾಲಿಯಾಗಿದೆಯೇ, ಅನ್ನ ಉಳಿದಿದೆಯೇ ಎಂದು ಹಿಂದಿನ ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿಯುವವಳು. ಪರೀಕ್ಷೆಗೆ ಮುಂಚೆಯೇ ಫಲಿತಾಂಶ ಹಂಚಿಬಿಟ್ಟಿದ್ದಾಳೆ. ನೌಕರಿಯ ಕಾಲದಲ್ಲಿ ಸೊಪ್ಪು ಮಾರುವ ಒಬ್ಬ ಮುದುಕಿಯಿದ್ದಳು, ಸಂತೆಯ ಮೂಲೆಯಲ್ಲಿ. ಅವಳ ಕಲ್ಲು ತೂಕಕ್ಕೆ ಕಡಿಮೆ ಬಂತು. "ನಾನು ಉಜ್ಜಿಲ್ಲ ಸ್ವಾಮಿ, ಎತ್ತಿ ಇಳಿಸಿ ತಾನಾಗೇ ಸವೆದಿದೆ" ಎಂದಳು. ನಿಜವೇ ಇತ್ತು. ಅಂಚುಗಳೆಲ್ಲ ಉರುಟಾಗಿ, ಕಲ್ಲು ಅವಳ ಅಂಗೈಯ ಹಳ್ಳಕ್ಕೆ ಸರಿಯಾಗಿ ಕೂರುತ್ತಿತ್ತು. ಸವೆದದ್ದಕ್ಕೂ ಉಜ್ಜಿದ್ದಕ್ಕೂ ನಿಯಮದಲ್ಲಿ ವ್ಯತ್ಯಾಸವಿಲ್ಲ, ತೆಗೆದುಕೊಂಡು ಬಂದರು. ಆಗ ಅದು ತಪ್ಪು ಅನ್ನಿಸಿರಲಿಲ್ಲ, ಈಗಲೂ ಅನ್ನಿಸಲಿಲ್ಲ. ಆ ಮುದುಕಿ ಯಾಕೆ ಈಗ ನೆನಪಿಗೆ ಬಂದಳು ಎಂದು ಮಾತ್ರ ಸಿಟ್ಟು ಬಂತು.

ಸೊಸೆ ಬಂದಾಗ ಅವರು ಇನ್ನೂ ಕೆಳಗಿನ ಗುಂಡಿಯ ಮೇಲೆಯೇ ಇದ್ದರು. ಅವಳು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಎಂಜಲು ಲೋಟವನ್ನೂ ಖಾಲಿ ಹಾಲಿನ ಪಾತ್ರೆಯನ್ನೂ ನೋಡಿ, ಸೊಂಟಕ್ಕೆ ಕೈಯಿಟ್ಟು ನಿಂತಳು. "ಆ ಹೆಂಗಸಿಗೆ ಏನ್ ಮಾಡಿದ್ರಿ ಮಾವ? ಅಂಗಡಿ ಮುಂದೆ ನಿಂತು ಎದೆ ಹಿಡ್ಕೊಂಡಿದ್ಲು." "ಏನೂ ಮಾಡ್ಲಿಲ್ಲ." "ಏನೂ ಮಾಡ್ದೆ ಇದ್ರೆ ಅಷ್ಟು ಓಡ್ತಾರಾ? ಹೋಗ್ಲಿ ಬಿಡಿ. ಇನ್ನು ಆರು ತಿಂಗಳು ಈ ಮನೆ ಕೇಳ್ಕೊಂಡು ಒಂದು ನರಪಿಳ್ಳೆ ಬರಲ್ಲ." ಅವಳ ತುಟಿಯ ಕೊನೆ ಸ್ವಲ್ಪ ಮೇಲೆ ಹೋದ ಹಾಗಿತ್ತು. ಸಾಹೇಬರು ಅದನ್ನು ಗಮನಿಸಿದರು. "ನೀನೇ ತಾನೇ ಓನರ್‌ಗೆ ಹೇಳಿದ್ದು?" "ನಾನಾ?" ಸೊಸೆ ಕುರ್ಚಿ ಎಳೆದುಕೊಂಡು ಕೂತಳು. "ನಾನ್ಯಾಕೆ ಹೇಳ್ಲಿ ಮಾವ? ನೀವು ಆ ಕೋಣೆಗೆ ಬಂದ್ರೆ ನನ್ನ ಮಿಷಿನ್ ಎಲ್ಲಿಡ್ಲಿ, ತಲೆ ಮೇಲಾ? ಹೊಲಿಗೆ ಕಲಿಯೋಕೆ ಬರೋ ಹುಡುಗೀರನ್ನ ಎಲ್ಲಿ ಕೂರಿಸ್ಲಿ? ಕೇಳೋದಾದ್ರೆ ನಿಮ್ಮ ಮಗನ್ನ ಕೇಳಿ."

ಮಗ. ಲೋಟದ ಅಂಚು ಒರೆಸುತ್ತ ಕೂತಿದ್ದ ಆ ಹೆಬ್ಬೆರಳು. ಚಿಕ್ಕವನಿದ್ದಾಗ ಸುಳ್ಳು ಹೇಳುವ ಮುಂಚೆ ಏನನ್ನಾದರೂ ಒರೆಸುತ್ತಿದ್ದ, ಸ್ಲೇಟು, ಮೇಜು, ತನ್ನದೇ ಮೊಣಕಾಲು. ಇದು ತಮಗೆ ಗೊತ್ತಿತ್ತು. ಗೊತ್ತಿದ್ದೂ ಸೊಸೆಯ ಕಡೆ ನೋಡುತ್ತ ಕೂತಿದ್ದರು, ಮುಂದಿನ ಬಾಗಿಲು ಕಾಯುತ್ತ ಹಿತ್ತಲು ತೆರೆದಿಟ್ಟವರ ಹಾಗೆ. ಆದರೆ ಇವಳು ಹೇಳಿದ್ದು ನಿಜವೆಂದು ಯಾವ ಆಧಾರ? ತನ್ನ ಮೇಲಿನದನ್ನು ಗಂಡನ ಮೇಲೆ ಹಾಕಿದಳೋ? ಮಿಷಿನ್ ಎಂದಾಗ ಮಾತ್ರ ಅವಳ ದನಿ ನಡುಗಿತ್ತು. ಆ ನಡುಕ ಅಪ್ಪಟ. ಪ್ರೀತಿಯಿಂದ ಆಡಿದ ಮಾತಿಗಿಂತ ಇದನ್ನು ನಂಬಬಹುದು ಎನ್ನಿಸಿತು ಅವರಿಗೆ. "ಬನ್ನಿ ಈ ಕಡೆ," ಎಂದಳು ಸೊಸೆ. ಅವರು ಬೇಡ ಎನ್ನುವ ಮುಂಚೆ ಅವಳ ಬೆರಳುಗಳು ಟಕಟಕನೆ ಗುಂಡಿಗಳನ್ನೆಲ್ಲ ಮುಗಿಸಿದವು. ಮೇಲಿನದನ್ನು ಹಾಕುವಾಗ ಮೆಲ್ಲಗೆ ಹೇಳಿದಳು: "ಆಸ್ಪತ್ರೆಯವಳು ಬಂದು ಅಂಗಿ ಬಿಚ್ಚಿ ಹಾಕಿ ಅಂದ್ರೆ, ಹೆಂಗಸರ ಮುಂದೆ ನಾನು ಬಿಚ್ಚಲ್ಲ ಅಂತ ಗದರಿಸಿ. ನಿಮಗೆ ಗದರಿಸೋಕೆ ಹೇಳಿಕೊಡಬೇಕಾ?"

ಮಧ್ಯಾಹ್ನದ ಮೇಲೆ ಬರುತ್ತೇವೆ ಎಂದವಳು ಮಧ್ಯಾಹ್ನದ ಮೇಲೆಯೇ ಬಂದಳು. ಇದಕ್ಕಿಂತ ವಿಚಿತ್ರ ಇನ್ನೇನಿದೆ? ಚಿಕ್ಕ ವಯಸ್ಸಿನವಳು, ಸಣ್ಣ ದನಿ, ಕೊರಳಲ್ಲಿ ಫೋಟೋ ಇರುವ ಚೀಟಿ. ಸಾಹೇಬರು ಆ ಚೀಟಿಯನ್ನು ಕೈಗೆ ಕೇಳಿ ತೆಗೆದುಕೊಂಡು, ಫೋಟೋವನ್ನೂ ಮುಖವನ್ನೂ ಎರಡು ಸಲ ಹೋಲಿಸಿದರು. "ಕೂದಲು ಬೇರೆ ಥರ ಇದೆ." "ಕತ್ತರಿಸ್ಕೊಂಡೆ ಸಾರ್." "ಎಲ್ಲಿ?" ಅವಳಿಗೆ ನಗು ಬಂತು, ತಡೆದುಕೊಂಡಳು. ಈ ಸಾರಿ ಅವರಲ್ಲಿ ಏನೂ ಉಳಿದಿರಲಿಲ್ಲ. ಕಾಲು ಬೆಳಿಗ್ಗೆಯೇ ಹೊಸ್ತಿಲು ದಾಟಿ ದಾಟಿ ಸೋತಿತ್ತು. ಸ್ನಾನದ ಮನೆಯಲ್ಲಿ ಅಂಗೈ ತಾನಾಗಿ ಗೋಡೆಯ ಜಿಡ್ಡಿನ ಗುರುತಿನ ಮೇಲೆ ಹೋಗಿ ಕೂತಿತು, ಅವಳು ಅದನ್ನು ನೋಡಿದಳು. ಮಾತ್ರೆಗಳನ್ನು ಹೇಳುವಾಗ ಅಡ್ಡ ಮಲಗಿಸಿದ್ದವು ಬೆಳಗಿನವೋ ಸಂಜೆಯವೋ ಗೊಂದಲವಾಯಿತು. ಟೀ ಮಾಡ್ತೀರಾ ಸಾರ್ ಎಂದು ಕೇಳಿದಳು, ಹಾಲಿರಲಿಲ್ಲ. ಅಂಗಿಯ ಮಾತು ಬಂದಾಗ ಗದರಿಸಬೇಕೆಂದು ಬಾಯಿ ತೆರೆದರೆ ಗದರಿಕೆಯ ಬದಲು ಕೆಮ್ಮು ಬಂತು. "ಮಾವ ಹಾಗೆಲ್ಲ ಹೆಂಗಸರ ಮುಂದೆ ಅಂಗಿ ಬಿಚ್ಚೋರಲ್ಲ," ಎಂದು ಹೋಗದೆ ಉಳಿದಿದ್ದ ಸೊಸೆ ಗಂಭೀರವಾಗಿ ಹೇಳಿದಳು, ಮುಖದ ಒಂದು ನರವೂ ಅಲುಗದ ಹಾಗೆ. "ಹೋಗ್ಲಿ ಬಿಡಿ," ಎಂದಳು ಹುಡುಗಿ. "ಹಾಲು ಇಲ್ಲ ಅಂದ್ರಲ್ಲ, ಯಾರು ತಂದುಕೊಡ್ತಾರೆ?" ಸಾಹೇಬರ ಕಣ್ಣು ಮಂಚದಡಿಗೆ ಹೋಗಿ ವಾಪಸು ಬಂತು. "ಅವರೇ ತರ್ತಾರೆ," ಎಂದಳು ಸೊಸೆ. "ದಿನಾ ಇಳಿದು ಹೋಗ್ತಾರೆ. ಒಂದೊಂದ್ ದಿನ ಎರಡೆರಡು ಸಲ. ನಾವೇ ಬೈತೀವಿ, ಇಷ್ಟು ಓಡಾಡಬೇಡಿ ಅಂತ."

ಸುಳ್ಳನ್ನು ಇಷ್ಟು ಸಮತೂಕದಲ್ಲಿ ಹೇಳಿದವರನ್ನು ಸಾಹೇಬರು ತಮ್ಮ ಇಡೀ ನೌಕರಿಯಲ್ಲಿ ನೋಡಿರಲಿಲ್ಲ. ಅವರಿಗೆ ಮೆಚ್ಚುಗೆಯಾಯಿತು, ಆದರೆ ಒಂದು ಗಳಿಗೆ ಮಾತ್ರ. ಯಾಕೆಂದರೆ ಹುಡುಗಿ ಪೆನ್ನು ಮುಚ್ಚಿ, "ಹಾಗಾದ್ರೆ ಬನ್ನಿ ಸಾರ್, ಒಟ್ಟಿಗೇ ಇಳಿಯೋಣ, ನನಗೂ ಹೊರಡೋ ಹೊತ್ತಾಯ್ತು" ಎಂದಿದ್ದಳು. ಸೊಸೆ ಇದನ್ನು ಬೇಕೆಂದೇ ಮಾಡಿದಳೇ? ಹೊಗಳಿ ಮೇಲಕ್ಕೇರಿಸಿ ಕೈಬಿಡುವುದಕ್ಕೆ? ಅವಳ ಮುಖ ನೋಡಿದರು. ಅದೂ ಬಿಳಿಚಿತ್ತು. ಆಗಲ್ಲ ಎಂದರೆ ಹಿಂದಿನ ಕೋಣೆ, ಚಿಲಕವಿಲ್ಲದ ಬಾಗಿಲು. ಆಗುತ್ತೆ ಎಂದರೆ ಮೆಟ್ಟಿಲು. ಸಾಹೇಬರು ಚಪ್ಪಲಿ ಮೆಟ್ಟಿದರು. ಒಣಗಿದ ಮಣ್ಣು ಪುಡಿಯಾಗಿ ಹೊಸ್ತಿಲ ಮೇಲೆ ಉದುರಿತು.

ಮೆಟ್ಟಿಲು ಇಕ್ಕಟ್ಟು, ಇಬ್ಬರು ಜೊತೆಯಾಗಿ ಇಳಿಯುವ ಹಾಗಿಲ್ಲ. "ನಾನು ಮುಂದೆ ಹೋಗ್ತೀನಿ," ಎಂದು ಸೊಸೆ ಮೊದಲು ಇಳಿದಳು. ನಡುವೆ ಅವರು. ಹಿಂದೆ ಹುಡುಗಿ. ಕೆಳಗೆ ನೋಡಿದರೆ ಮೆಟ್ಟಿಲುಗಳು ಒಂದರೊಳಗೊಂದು ಸೇರಿ ಇಳಿಜಾರಾಗಿಬಿಟ್ಟಿದ್ದವು, ತುದಿಯಲ್ಲಿ ಬೀದಿಯ ಬೆಳಕಿನ ಒಂದು ತುಂಡು. ಬಿದ್ದ ದಿನವೂ ಅದೇ ತುಂಡು ಬೆಳಕು ಕಣ್ಣಿಗೆ ಹೊಡೆದಿತ್ತು. ಎಡಗೈಯಲ್ಲಿ ಗೋಡೆ ತಡವುತ್ತ ಒಂದು ಕಾಲಿಟ್ಟರು, ಅದರ ಪಕ್ಕಕ್ಕೆ ಇನ್ನೊಂದನ್ನು ತಂದರು. ಮೊಣಕಾಲಿನೊಳಗೆ ಯಾರೋ ಗಾಜು ಅರೆಯುತ್ತಿದ್ದರು. ತಿರುವಿನ ಹತ್ತಿರ ಬಂದಾಗ ಕಾಲು ಮುಂದೆ ಹೋಗುವುದನ್ನು ನಿಲ್ಲಿಸಿತು. ಬೇಡ ಎಂದಲ್ಲ, ಸುಮ್ಮನೆ ನಿಂತಿತು, ತಮ್ಮದಲ್ಲದ ಕಾಲಿನ ಹಾಗೆ. ಬೆನ್ನ ಮೇಲೆ ಹುಡುಗಿಯ ಕಣ್ಣು ಇರುವುದು ಅಂಗಿಯ ಮೂಲಕ ತಿಳಿಯುತ್ತಿತ್ತು. ಆಗ ಮುಂದೆ ಇದ್ದ ಸೊಸೆ ನಿಂತಳು. ತಿರುಗಲಿಲ್ಲ. ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ, ಬಲ ಭುಜವನ್ನು ಅವರ ಕೈಯ ಅಡಿಗೆ ತಂದಿಟ್ಟಳು, ಸೆರಗು ಸರಿಮಾಡಿಕೊಳ್ಳುವವಳ ಹಾಗೆ. ಸಾಹೇಬರ ಮೈ ಅಡ್ಡವಿದ್ದುದರಿಂದ ಮೇಲಿನವಳಿಗೆ ಅದು ಕಾಣುವಂತಿರಲಿಲ್ಲ. ಈ ಭುಜ ನಿಲ್ಲುತ್ತದೆಯೇ, ಭಾರ ಬಿದ್ದ ಮೇಲೆ ಸರಿದುಬಿಡುತ್ತದೆಯೇ? ತಿಳಿಯಲು ದಾರಿ ಒಂದೇ ಇತ್ತು. ಭಾರ ಹಾಕಿದರು. ಸಣ್ಣ ಭುಜ, ದಿನವೆಲ್ಲ ಯಂತ್ರದ ಮೇಲೆ ಬಗ್ಗಿ ಗಟ್ಟಿಯಾದದ್ದು. ಅದು ಒಮ್ಮೆ ತಗ್ಗಿ ಮತ್ತೆ ನಿಂತಿತು. ಸೊಸೆಯ ಉಸಿರು ಬಿಗಿಯುವುದು ಕೇಳಿಸಿತು, ಅವಳಿಗೂ ನೋಯುತ್ತಿತ್ತು. ಹೀಗೆ ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರೂ ಬೀದಿಗೆ ಇಳಿದರು.

"ಚೆನ್ನಾಗಿ ಇಳಿದ್ರಿ ಸಾರ್," ಎಂದಳು ಹುಡುಗಿ. "ಸ್ನಾನದ ಮನೇಲಿ ಒಂದು ಕಂಬಿ ಹಾಕಿಸ್ಕೊಳ್ಳಿ. ಮಾತ್ರೆಗೆ ಡಬ್ಬಿ ಮಾಡ್ಕೊಳ್ಳಿ. ಉಳಿದಂತೆ ಇರಬಹುದು ನೀವು, ನಾನು ಹಾಗೇ ಬರೀತೀನಿ." ಇರಬಹುದು ನೀವು. ಬಸ್ಸು ಬಂತೆಂದು ಅವಳು ಓಡಿದಳು. ಸಾಹೇಬರು ಅವಳ ಬೆನ್ನನ್ನೇ ನೋಡುತ್ತ ನಿಂತರು. ಎಂಥ ತಪಾಸಣೆ ಇದು? ತಕ್ಕಡಿಯ ಎರಡೂ ತಟ್ಟೆಯನ್ನು ಅದಲು ಬದಲು ಮಾಡಿ ನೋಡದೆ ಮುದ್ರೆ ಒತ್ತಿ ಹೋಗುವುದೇ? ಇಳಿದದ್ದು ನೋಡಿದಳು, ಹತ್ತಿಸಿ ನೋಡಲಿಲ್ಲ. ತಮ್ಮ ಕೈಕೆಳಗೆ ಇಂಥವಳಿದ್ದಿದ್ದರೆ ಅಂದೇ ಬೈದು ಅಳಿಸುತ್ತಿದ್ದರು. ಅಥವಾ ತಿಳಿದೇ ಬಿಟ್ಟಳೇ? ಗೋಡೆಯ ಜಿಡ್ಡು ನೋಡಿದವಳು, ಭುಜ ನೋಡದೆ ಇದ್ದಾಳೇ? ಹಾಗಾದರೆ ಇದು ಕರುಣೆ. ಕಡಿಮೆ ತೂಕದ ಕಲ್ಲನ್ನು ನೋಡಿಯೂ ನೋಡದ ಹಾಗೆ ಹೋಗುವವರ ಕರುಣೆ. ಗೆದ್ದೆ ಎಂದು ಉಬ್ಬುತ್ತಿದ್ದ ಎದೆಯೊಳಗೆ ಹುಳಿ ಹಿಂಡಿದ ಹಾಗಾಯಿತು.

"ಸದ್ಯ," ಎಂದಳು ಸೊಸೆ, ಭುಜ ತಿಕ್ಕಿಕೊಳ್ಳುತ್ತ. ಆಮೇಲೆ ಮೆಟ್ಟಿಲನ್ನು ನೋಡಿದಳು. ಇಬ್ಬರೂ ನೋಡಿದರು. "ಈಗ ಹತ್ತೋದು ಹೇಗೆ ಮಾವ?" "ನೀನು ಹೋಗು." "ಹುಡುಗೀರು ಬಂದು ಕಾಯ್ತಿರ್ತಾರೆ, ನಿಜ. ಆದ್ರೆ ಹಿಡ್ಕೋತೀನಿ ಬನ್ನಿ. ಅಂಗಡಿಯವನನ್ನೂ ಕರೀಲಾ?" "ಯಾರನ್ನೂ ಕರೀಬೇಡ. ಹೋಗು ಅಂದ್ನಲ್ಲ." "ನಾನು ಯಾರಿಗೂ ಹೇಳಲ್ಲ ಮಾವ," ಎಂದಳು ಅವಳು. ಯಾರಿಗೂ ಎಂದರೆ ಯಾರಿಗೆ? ಹೇಳುವಂಥವರು ಯಾರೋ ಇದ್ದಾರೆ ಎಂದಾಯಿತಲ್ಲ. ಅವಳು ಎರಡು ಹೆಜ್ಜೆ ಹೋಗಿ ತಿರುಗಿ ನೋಡಿದಳು, ನಾಲ್ಕು ಹೆಜ್ಜೆ ಹೋಗಿ ಮತ್ತೆ ನೋಡಿದಳು. ಸಾಹೇಬರು ಯಾರಿಗೋ ಕಾಯುವವರ ಹಾಗೆ ಗೋಡೆಗೊರಗಿ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು, ಅವಳು ಮೂಲೆ ತಿರುಗುವವರೆಗೆ.

ಕಾಲೆತ್ತಿ ಮೊದಲ ಮೆಟ್ಟಿಲಿಗೆ ಇಟ್ಟು ನೋಡಿದರು. ಮೈ ಏಳಲಿಲ್ಲ. ಇನ್ನೊಂದು ಕಾಲಿನಲ್ಲಿ ನೋಡಿದರು. ಆಗ, ಬೇರೆ ದಾರಿ ಉಳಿಯದೆ, ಮೆಲ್ಲಗೆ ತಿರುಗಿ, ಬೀದಿಗೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತರು. ಎರಡೂ ಅಂಗೈಯನ್ನು ಹಿಂದಿನ ಮೆಟ್ಟಿಲಿಗೆ ಊರಿ, ಒಳ್ಳೆಯ ಕಾಲನ್ನು ಒತ್ತಿ, ಕುಂಡಿಯನ್ನು ಎತ್ತಿ ಮೇಲಿಟ್ಟರು. ಬಂತು. ನಡೆಯಲು ಬಾರದ ಮಗು ಹೀಗೆ ಹತ್ತುತ್ತದೆ ಎಂದು ಅನ್ನಿಸಿ ಕಿವಿ ಬಿಸಿಯಾಯಿತು. ಇನ್ನೊಂದು. ಒಳ್ಳೆಯ ಪ್ಯಾಂಟು ಸಿಮೆಂಟಿಗೆ ಉಜ್ಜಿ ಸರಸರ ಸದ್ದಾಯಿತು. ಅಲ್ಲೇ ಕೂತು ಉಸಿರೆಳೆದುಕೊಳ್ಳುತ್ತ, ಯಾರು ನಗುತ್ತಿದ್ದಾರೆ ಎಂದು ಬೀದಿಯನ್ನು ಒಂದು ಕಡೆಯಿಂದ ನೋಡುತ್ತ ಬಂದರು. ಎದುರಿನ ಗಡಿಯಾರ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ಬಗ್ಗಿಸಿದ್ದ. ಬಸ್ಸಿಗೆ ಕಾಯುವವರು ರಸ್ತೆಯ ಆ ತುದಿ ನೋಡುತ್ತಿದ್ದರು. ದಿನಸಿ ಅಂಗಡಿಯವನು ಇತ್ತ ಬೆನ್ನು ಹಾಕಿ ಮೇಲಿನ ಹಲಗೆಯ ಡಬ್ಬಗಳನ್ನು ಒರೆಸುತ್ತಿದ್ದ, ಎಂದೂ ಒರೆಸದವನು. ಇಷ್ಟು ದೊಡ್ಡ ಬೀದಿಯಲ್ಲಿ ಮೆಟ್ಟಿಲ ಮೇಲೆ ಹಿಂದುಮುಂದಾಗಿ ಹತ್ತುವ ಒಬ್ಬ ಮುದುಕನನ್ನು ಒಬ್ಬರೂ ನೋಡುತ್ತಿಲ್ಲವೆಂದರೆ ನಂಬುವ ಮಾತೇ? ಯಾರೋ ಇವರಿಗೆಲ್ಲ ಹೇಳಿಟ್ಟಿದ್ದಾರೆ ಎಂದುಕೊಂಡರು ಸಾಹೇಬರು. ಬೀದಿಯ ಮೇಲಿಂದ ಕಣ್ಣು ತೆಗೆಯದೆ, ಅಂಗೈ ಊರಿ, ಇನ್ನೊಂದು ಮೆಟ್ಟಿಲು ಮೇಲೇರಿದರು.